ಫೋನೋ ಪ್ರೀಆಂಪ್‌ನಲ್ಲಿ ಐಸಿ ಬದಲಿಸುವುದು ಕೊನೆಗಿರಲಿ

ಫೋನೋ ಪ್ರೀಆಂಪ್, ಅಂದರೆ ಟರ್ನ್‌ಟೇಬಲ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ, ಕಟ್ಟಿದವರು ಅಪ್‌ಗ್ರೇಡ್ ಎಂದ ಕೂಡಲೇ ಕೈ ಹಾಕುವುದು ಆಪ್‌ಆಂಪ್‌ಗೆ, ಅಂದರೆ ಹಿಗ್ಗಿಸುವ ಕೆಲಸ ಮಾಡುವ ಐಸಿಗೆ. ಸಾಕೆಟ್‌ನಲ್ಲಿದ್ದ ಅಗ್ಗದ್ದನ್ನು ಕಿತ್ತು ದುಬಾರಿಯದನ್ನು ಕೂರಿಸಿದರೆ ಆಯಿತು ಅನ್ನುವ ಆಸೆ. ನನ್ನದನ್ನು ಕಟ್ಟಿ, ಒಂದೊಂದೇ ಭಾಗ ಸುಧಾರಿಸುತ್ತ ಬಂದ ಮೇಲೆ ನಾನು ಹೇಳುವುದಿಷ್ಟು: ಐಸಿಯ ಸರದಿ ಎಲ್ಲಕ್ಕಿಂತ ಕೊನೆಗೆ ಬರಲಿ.

ನನ್ನ ಸರ್ಕ್ಯೂಟ್ ಸರಳ. ಮೊದಲು ಎನ್‌ಇ5534 ಆಪ್‌ಆಂಪ್ ಒಂದು, ಸುಮಾರು 30 ಡಿಬಿ ಗೇನ್ (ವರ್ಧನೆ). ನಡುವೆ ಬರೀ ರೆಸಿಸ್ಟರ್, ಕೆಪಾಸಿಟರ್‌ಗಳ ಪ್ಯಾಸಿವ್ ಆರ್‌ಐಎಎ ಜಾಲ; ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಬಾಸ್, ಎತ್ತಿದ ಟ್ರೆಬಲ್ ಎರಡನ್ನೂ ಮತ್ತೆ ಸಮಕ್ಕೆ ತರುವುದು ಇದರ ಕೆಲಸ. ಆಮೇಲೆ ಮತ್ತೊಂದು 30 ಡಿಬಿ. ನಡುವಿನ ಜಾಲ 1 ಕಿಲೋಹರ್ಟ್ಸ್‌ನಲ್ಲಿ 20 ಡಿಬಿ ನುಂಗುವುದರಿಂದ ಕೈಗೆ ಉಳಿಯುವುದು 40. ಸೂಜಿಯ ಕಂಪನವನ್ನು ವಿದ್ಯುತ್ ಮಾಡುವ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್‌ನ 5 ಮಿಲಿವೋಲ್ಟ್ ಅರ್ಧ ವೋಲ್ಟ್ ಆಗಿ ಹೊರಬರುತ್ತದೆ.

ಹೆಚ್ಚು ಸಮಯ ಹಿಡಿದದ್ದು ಆರ್‌ಐಎಎ ಜಾಲ. ಅದು ಪಾಲಿಸಬೇಕಾದ ಟೈಮ್ ಕಾನ್‌ಸ್ಟಂಟ್‌ಗಳು (ಏರಿಳಿತ ಎಲ್ಲೆಲ್ಲಿ ತಿರುಗಬೇಕೆಂದು ಹೇಳುವ ಅಂಕಿಗಳು) 3180, 318 ಮತ್ತು 75 ಮೈಕ್ರೋಸೆಕೆಂಡ್. ಇವಕ್ಕೆ ಎರಡು ಕೆಪಾಸಿಟರ್‌ಗಳ ಅನುಪಾತ 2.916 ಬರಬೇಕು. 33 ನ್ಯಾನೊಫ್ಯಾರಡ್ ಒಂದು ಇಟ್ಟರೆ ಇನ್ನೊಂದು 96.2. ಆ ಅಳತೆಯ ಕೆಪಾಸಿಟರ್ ಯಾರೂ ಮಾಡುವುದಿಲ್ಲ. 82, 12 ಮತ್ತು 2.2 ಮೂರನ್ನೂ ಪ್ಯಾರಲಲ್ ಜೋಡಿಸಿದೆ. ರೆಸಿಸ್ಟರ್‌ಗೂ ಅದೇ ಉಪಾಯ: 22 ಕಿಲೋ ಓಮ್, 680 ಮತ್ತು 47 ಓಮ್ ಸರಣಿಯಲ್ಲಿ, ಇನ್ನೊಂದಕ್ಕೆ 3.3 ಕಿಲೋ ಸಾಕು. ಎಲ್ಲ ಪಾಲಿಪ್ರೊಪಿಲೀನ್ ಮತ್ತು ಮೆಟಲ್ ಫಿಲ್ಮ್. ಒಂದೊಂದನ್ನೂ ಮೀಟರ್‌ನಲ್ಲಿ ಅಳೆದು, ಎಡಕ್ಕೂ ಬಲಕ್ಕೂ ಒಂದೇ ಅಳತೆ ಬರುವವನ್ನು ಜೋಡಿ ಮಾಡಿದೆ. ಮೀಟರ್ ತುಸು ಹೆಚ್ಚುಕಡಿಮೆ ತೋರಿಸಿದರೂ ಚಿಂತೆಯಿಲ್ಲ, ಎರಡು ಚಾನೆಲ್‌ಗೂ ತಪ್ಪು ಒಂದೇ. ಹಾಡುವವರ ದನಿ ಎರಡು ಸ್ಪೀಕರ್‌ಗಳ ನಡುಮಧ್ಯೆ ಕದಲದೆ ನಿಂತದ್ದು ಈ ಜೋಡಿಸುವ ಕೆಲಸದ ನಂತರವೇ.

ಇನ್ನು ಹಮ್. ಆರ್‌ಐಎಎ ಪ್ಲೇಬ್ಯಾಕ್ 50 ಹರ್ಟ್ಸ್ ಅನ್ನು 1 ಕಿಲೋಹರ್ಟ್ಸ್‌ಗಿಂತ 17 ಡಿಬಿ ಹೆಚ್ಚು ಎತ್ತುತ್ತದೆ, ಅಂದರೆ ಏಳು ಪಟ್ಟು. ಹಾಗಾಗಿ ಕರೆಂಟಿನ ಗುಂಯ್‌ಗುಡುವಿಕೆಗೆ ಈ ಪೆಟ್ಟಿಗೆಗಿಂತ ಒಳ್ಳೆ ಆಶ್ರಯ ಬೇರೆಲ್ಲೂ ಸಿಗದು. ಪತ್ತೆ ಮಾಡಲು ಇನ್‌ಪುಟ್ ಶಾರ್ಟ್ ಮಾಡಿ ಕೇಳುತ್ತೇನೆ. ಸದ್ದು ಹೋದರೆ ದೋಷ ಕೇಬಲ್‌ನದೋ ಟರ್ನ್‌ಟೇಬಲ್‌ನದೋ, ಹೋಗದಿದ್ದರೆ ಪೆಟ್ಟಿಗೆಯೊಳಗಿನದು. ನುಣುಪಾದ ಗುಂಯ್ ಆದರೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಅಥವಾ ಗ್ರೌಂಡ್ ಲೂಪ್, ಒರಟು ಝರ್ ಆದರೆ ರೆಕ್ಟಿಫೈಯರ್‌ನ 100 ಹರ್ಟ್ಸ್. ನನಗೆ ಕೇಳಿಸುತ್ತಿದ್ದದ್ದು ಮೊದಲನೆಯದು. ಟ್ರಾನ್ಸ್‌ಫಾರ್ಮರ್ ಮತ್ತು ರೆಕ್ಟಿಫೈಯರ್ ಅನ್ನು ಬೇರೆ ಪೆಟ್ಟಿಗೆಗೆ ಸಾಗಿಸಿ, ವೋಲ್ಟೇಜ್ ಸ್ಥಿರವಾಗಿಡುವ ರೆಗ್ಯುಲೇಟರ್‌ಗಳಾದ ಎಲ್‌ಎಂ317 ಮತ್ತು ಎಲ್‌ಎಂ337 ಮಾತ್ರ ಬೋರ್ಡ್ ಬಳಿ ಉಳಿಸಿದೆ. ಇನ್‌ಪುಟ್ ಸಾಕೆಟ್‌ಗಳನ್ನು ಷಾಸಿಯಿಂದ ಇನ್ಸುಲೇಟ್ ಮಾಡಿ, ಎಲ್ಲ ಗ್ರೌಂಡ್ ತಂತಿಗಳನ್ನು ಒಂದೇ ಬಿಂದುವಿಗೆ ಎಳೆದೆ. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಈಗ ಬರುವುದು ಬರೀ ತೆಳು ಹಿಸ್.

ಪುಕ್ಕಟೆ ಅಪ್‌ಗ್ರೇಡ್ ಒಂದಿದೆ, ಗಮನಿಸುವವರು ಕಡಿಮೆ. ನನ್ನ ಕಾರ್ಟ್ರಿಜ್‌ನ ಇಂಡಕ್ಟನ್ಸ್ 500 ಮಿಲಿಹೆನ್ರಿ. ಅದರ ಜೊತೆ ಸೇರಿ ಅನುರಣಿಸುವ ಕೆಪಾಸಿಟನ್ಸ್ ಆರ್ಮ್ ಮತ್ತು ಕೇಬಲ್ ಸೇರಿ 150 ಪಿಕೊಫ್ಯಾರಡ್, ಬೋರ್ಡ್‌ನಲ್ಲಿ 220. ಒಟ್ಟು 370 ಆದಾಗ ಅನುರಣನ 11.7 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ; ಸಿಂಬಲ್ ಚುರುಗುಟ್ಟುತ್ತದೆ, ಅದರಾಚೆಗೆ ಎಲ್ಲ ಮಂಕು. ಬೋರ್ಡ್‌ನದನ್ನು 47 ಮಾಡಿದೆ. ಅನುರಣನ 16ರ ಹತ್ತಿರಕ್ಕೆ ಹೋಯಿತು. ಯಾವ ಐಸಿಯೂ ಇಷ್ಟು ವ್ಯತ್ಯಾಸ ಕೊಟ್ಟಿಲ್ಲ.

ಐಸಿಯನ್ನೂ ಬದಲಿಸಿ ನೋಡಿದ್ದುಂಟು. ಎಲ್‌ಟಿ1028ರ ವೋಲ್ಟೇಜ್ ನಾಯ್ಸ್ ರೂಟ್ ಹರ್ಟ್ಸ್‌ಗೆ ಸುಮಾರು 1 ನ್ಯಾನೊವೋಲ್ಟ್, ಕಾಗದದ ಮೇಲೆ ಅದ್ಭುತ. ಆದರೆ ಕರೆಂಟ್ ನಾಯ್ಸ್ 1 ಪಿಕೊಆಂಪ್. 10 ಕಿಲೋಹರ್ಟ್ಸ್‌ನಲ್ಲಿ ನನ್ನ ಕಾರ್ಟ್ರಿಜ್ 31 ಕಿಲೋ ಓಮ್‌ನಂತೆ ಕಾಣುವುದರಿಂದ, 47 ಕಿಲೋ ಲೋಡ್ ಸೇರಿಸಿ ಲೆಕ್ಕ ಹಾಕಿದರೂ ಅದೊಂದೇ 25 ನ್ಯಾನೊವೋಲ್ಟ್ ದಾಟುತ್ತದೆ. 5534ರ ಎ ದರ್ಜೆಯದು 0.4 ಪಿಕೊಆಂಪ್‌ನಲ್ಲೇ ಮುಗಿಸುತ್ತದೆ. ಓಮ್ ತೀರಾ ಕಡಿಮೆಯಿರುವ ಎಂಸಿ (ಮೂವಿಂಗ್ ಕಾಯಿಲ್) ಕಾರ್ಟ್ರಿಜ್ ಬಂದ ದಿನ ಈ ಲೆಕ್ಕ ತಲೆಕೆಳಗಾಗುತ್ತದೆ, ಅದಕ್ಕೇ ಸಾಕೆಟ್ ಬಿಟ್ಟಿದ್ದೇನೆ.

ಸದ್ಯ ಬಾಗಿದ ರೆಕಾರ್ಡ್ ಹಾಕಿದಾಗ ವೂಫರ್ ಒಳಹೊರಗೆ ತೂಗುವುದೊಂದೇ ಬಾಕಿ. ಔಟ್‌ಪುಟ್ ಕೆಪಾಸಿಟರ್ ಅನ್ನು 0.47 ಮೈಕ್ರೋಫ್ಯಾರಡ್‌ಗೆ ಇಳಿಸಿ 7 ಹರ್ಟ್ಸ್‌ನ ಕೆಳಗೆ ಕತ್ತರಿಸಿದ್ದೇನೆ. ತೂಗಾಟ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮುಂದೆ ಕಿವಿಗೆ ಕೇಳದಷ್ಟು ಕೆಳಗಿನ ಕಂಪನ ತಡೆಯುವ, ಸರಿಯಾದ ಸಬ್‌ಸಾನಿಕ್ ಫಿಲ್ಟರ್ ಹಾಕಬೇಕು.