ನಾಯಿಯ ಉಗುರು ಕಿತ್ತು ಬಂದರೆ: ಮೊದಲು ಬಟ್ಟೆ, ಆಮೇಲೆ ಗಾಬರಿ

ನಮ್ಮದು ಶಿಡ್ಲಘಟ್ಟದ ಹತ್ತಿರ ರೇಷ್ಮೆ ಸಾಕುವ ಮನೆ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಅನ್ನುತ್ತೇವೆ. ಗೂಡು ಬಿಡಿಸಿ ಗೋಡೆಗೆ ಒರಗಿಸಿಟ್ಟಿದ್ದ ಚಂದ್ರಿಕೆಯ ಮೇಲೆ ನಮ್ಮ ನಾಯಿ ಕರಿಯ, ಇಲಿಯೊಂದರ ಹಿಂದೆ ಹಾರಿದ. ಬಿದಿರಿನ ಸುತ್ತಿನ ಸಂದಿಗೆ ಮುಂಗಾಲಿನ ಉಗುರು ಸಿಕ್ಕಿಕೊಂಡಿತು. ಗಾಬರಿಯಲ್ಲಿ ಕಾಲು ಜಗ್ಗಿದ. ಉಗುರು ಬುಡದಿಂದ ಮಗುಚಿ ನೇತಾಡತೊಡಗಿತು. ಒಂದು ನಿಮಿಷದಲ್ಲಿ ಜಗಲಿ ತುಂಬ ರಕ್ತದ ಹೆಜ್ಜೆಗಳು.

ಅಜ್ಜಿ ಕಾಫಿ ಪುಡಿ ಡಬ್ಬ ಹಿಡಿದು ಬಂದರು. ಚಿಕ್ಕಪ್ಪ ಸುಣ್ಣ ಹಚ್ಚು ಅಂದರು. ಪಕ್ಕದ ಮನೆ ಅಣ್ಣ ಇಕ್ಕಳವನ್ನೇ ತಂದುಬಿಟ್ಟ. "ನೇತಾಡ್ತಿದೆ ಅಲ್ವಾ, ಒಂದೇ ಏಟಿಗೆ ಕಿತ್ತು ಬಿಸಾಕೋಣ ಬಿಡು." ಮೂವರದ್ದೂ ಒಳ್ಳೆ ಮನಸ್ಸೇ. ಆದರೆ ಮೂರೂ ತಪ್ಪು. ಉಗುರಿನ ಗಾಯದಲ್ಲಿ ನಾಯಿ ಕಳೆದುಕೊಳ್ಳುವ ರಕ್ತಕ್ಕಿಂತ, ನಾವು ಆತುರದಲ್ಲಿ ಮಾಡುವ ಉಪಚಾರದಿಂದಲೇ ಕೆಡುವುದು ಜಾಸ್ತಿ.

ಉಗುರಿನೊಳಗೆ ಏನಿದೆ?

ನಮ್ಮ ಉಗುರು ಬೆರಳಿನ ಮೇಲೆ ಅಂಟಿಕೊಂಡ ಬಿಲ್ಲೆಯಂತೆ ಇರುತ್ತದೆ. ನಾಯಿಯದು ಹಾಗಲ್ಲ. ಅದು ಕೊಂಬಿನ ಹಾಗೆ ಟೊಳ್ಳಾದ ಗಟ್ಟಿ ಕವಚ. ಒಳಗೆ ರಕ್ತನಾಳ, ನರ ತುಂಬಿದ ಎಳೆ ಮಾಂಸ ಇರುತ್ತದೆ. ಅದರ ಬುಡದಲ್ಲಿ ಬೆರಳಿನ ಕೊನೆಯ ಮೂಳೆ. ಬಿಳಿ ಉಗುರನ್ನು ಬೆಳಕಿಗೆ ಹಿಡಿದರೆ ಈ ಮಾಂಸ ನಸುಗೆಂಪಾಗಿ ಕಾಣುತ್ತದೆ. ಕಪ್ಪು ಉಗುರಿನಲ್ಲಿ ಕಾಣುವುದಿಲ್ಲ. ತುದಿ ಮಾತ್ರ ಮುರಿದರೆ ನಾಯಿಗೆ ಗೊತ್ತೇ ಆಗದೆ ಹೋಗಬಹುದು. ಎಳೆ ಮಾಂಸದ ತನಕ ಸೀಳಿದರೆ ಮಾತ್ರ ಆ ರಕ್ತ, ಆ ಕಿರುಚಾಟ. ನೋಡಲು ಭಯಂಕರ. ಆದರೆ ಆರೋಗ್ಯವಾಗಿರುವ ನಾಯಿ ಒಂದು ಉಗುರಿನ ರಕ್ತದಿಂದ ಸಾಯುವುದಿಲ್ಲ.

ಸಾಮಾನ್ಯವಾಗಿ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಕೆಲವಕ್ಕೆ ಹಿಂಗಾಲಿನಲ್ಲೂ ಹೆಬ್ಬೆರಳು ಇರುತ್ತದೆ, ಆಗ 20. ಈ ಹೆಬ್ಬೆರಳೇ ತರಲೆ. ಅದು ನೆಲಕ್ಕೆ ತಾಗುವುದಿಲ್ಲ, ಸವೆಯುವುದೂ ಇಲ್ಲ. ಕೊಕ್ಕೆಯಂತೆ ಬೆಳೆದು ಬೇಲಿ ತಂತಿ, ಗೋಣಿಚೀಲ, ಕಂಬಳಿ, ಚಂದ್ರಿಕೆ, ಎಲ್ಲಕ್ಕೂ ಸಿಕ್ಕಿಕೊಳ್ಳುತ್ತದೆ. ಕರಿಯನದೂ ಅದೇ ಬೆರಳು.

ಮೊದಲ ಹತ್ತು ನಿಮಿಷ

ಮೊದಲು ಬಾಯಿ ನೋಡಿಕೊಳ್ಳಿ, ಆಮೇಲೆ ಕಾಲು. "ನಮ್ಮ ನಾಯಿ ಕಚ್ಚಲ್ಲ" ಅನ್ನುವುದು ನೋವಿಲ್ಲದ ದಿನದ ಮಾತು. ನೋವಿನಲ್ಲಿರುವ ನಾಯಿ ಅನ್ನ ಹಾಕಿದ ಕೈಗೂ ಬಾಯಿ ಹಾಕುತ್ತದೆ. ಹಳೆ ಪಂಚೆಯ ಉದ್ದದ ಪಟ್ಟಿ ಅಥವಾ ಒಂದು ವೇಲ್ ತೆಗೆದುಕೊಳ್ಳಿ. ಕುಣಿಕೆ ಮಾಡಿ ಮೂತಿಗೆ ಹಾಕಿ, ಮೇಲೆ ಒಂದು ಸುತ್ತು ಬಿಗಿಸಿ. ತುದಿಗಳನ್ನು ಗದ್ದದ ಕೆಳಗೆ ತಂದು ಇನ್ನೊಂದು ಸುತ್ತು. ನಂತರ ಕಿವಿಯ ಹಿಂದೆ, ಒಂದೇ ಎಳೆತಕ್ಕೆ ಬಿಚ್ಚುವಂಥ ಗಂಟು ಹಾಕಿ. ನಾಯಿ ತನ್ನ ಮೈ ಬಿಸಿ ಕಳೆಯುವುದೇ ಬಾಯಿ ತೆರೆದು ಏದುಸಿರು ಬಿಟ್ಟು. ಆದ್ದರಿಂದ ಕೆಲಸ ಮುಗಿದ ಕೂಡಲೇ ಬಿಚ್ಚಿ. ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಕಷ್ಟಪಡುತ್ತಿದ್ದರೆ, ಅಥವಾ ಪಗ್ ಥರದ ಚಪ್ಪಟೆ ಮೂತಿಯ ನಾಯಿಯಾದರೆ ಬಾಯಿ ಕಟ್ಟಲೇಬೇಡಿ.

ಒಬ್ಬರು ತಲೆ, ಭುಜ ತಬ್ಬಿ ಹಿಡಿದು ಮೆಲ್ಲಗೆ ಮಾತಾಡಿಸುತ್ತಿರಲಿ. ಇನ್ನೊಬ್ಬರು ಮಾತ್ರ ಕಾಲು ಮುಟ್ಟಲಿ. ಮಿಕ್ಕವರನ್ನೆಲ್ಲ ಹೊರಗೆ ಕಳಿಸಿ. ಸುಮ್ನೆ ಸುತ್ತ ನಿಂತು ಸಲಹೆ ಕೊಡುವವರಿಂದ ನಾಯಿ ಇನ್ನೂ ಬೆದರುತ್ತದೆ.

ಈಗ ಶುಭ್ರವಾದ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಗಾಯದ ಮೇಲೆ ಒತ್ತಿ ಹಿಡಿಯಿರಿ. ಗಡಿಯಾರ ನೋಡಿಕೊಂಡು ಐದು ನಿಮಿಷ. ನಡುವೆ "ನಿಂತಿತಾ?" ಅಂತ ಎತ್ತಿ ನೋಡಬೇಡಿ. ನೋಡಿದಾಗಲೆಲ್ಲ ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತು ಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ನಿಲ್ಲದಿದ್ದರೆ ಮತ್ತೆ ಐದು ನಿಮಿಷ. ಹೆಚ್ಚಿನ ಗಾಯಗಳಲ್ಲಿ ಇಷ್ಟಕ್ಕೇ ರಕ್ತ ನಿಲ್ಲುತ್ತದೆ.

ತುದಿಯಷ್ಟೇ ಮುರಿದು ರಕ್ತ ಒಸರುತ್ತಿದ್ದರೆ ಪುಡಿ ಉಪಯೋಗಕ್ಕೆ ಬರುತ್ತದೆ. ಔಷಧಿ ಅಂಗಡಿಯಲ್ಲಿ ಸ್ಟಿಪ್ಟಿಕ್ ಪೌಡರ್ ಅಂತ ಕೇಳಿ. ಸಿಗದಿದ್ದರೆ ಗ್ರಂಥಿಗೆ ಅಂಗಡಿಯ ಪಟಿಕ ಆಗುತ್ತದೆ. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ಲ, ಅದೇ. ನುಣ್ಣಗೆ ಕುಟ್ಟಿ ಒಂದು ಚಿಟಿಕೆ ಉಗುರಿನ ತುದಿಗೆ ಒತ್ತಿ. ಸ್ವಲ್ಪ ಉರಿಯುತ್ತದೆ, ನಾಯಿ ಕಾಲು ಕೊಡವುತ್ತದೆ, ಹಿಡಿದುಕೊಳ್ಳಿ. ಅದೂ ಇಲ್ಲವೆಂದರೆ ಅಡುಗೆಮನೆಯ ಕಾರ್ನ್‌ಫ್ಲೋರ್ ಅಥವಾ ಮೈದಾ. ಆದರೆ ಉಗುರು ಪೂರ್ತಿ ಕಳಚಿ ಕೆಂಪು ಮಾಂಸ ತೆರೆದುಕೊಂಡಿದ್ದರೆ ಯಾವ ಪುಡಿಯೂ ಬೇಡ. ಬಟ್ಟೆ ಒತ್ತುವುದೊಂದೇ ದಾರಿ.

ಅಜ್ಜಿಯ ಡಬ್ಬ, ಚಿಕ್ಕಪ್ಪನ ಸುಣ್ಣ

ಕಾಫಿ ಪುಡಿ ತಡೆದಾಗ ಅಜ್ಜಿಗೆ ಕೋಪ ಬಂತು. "ನಿನ್ನ ಮಂಡಿ ಒಡೆದಾಗ ಇದನ್ನೇ ತಾನೆ ಹಾಕಿದ್ದು? ವಾಸಿ ಆಗಲಿಲ್ವಾ?" ಆಯ್ತಜ್ಜಿ. ಆದರೆ ನಾನು ನನ್ನ ಮಂಡಿ ನೆಕ್ಕಿರಲಿಲ್ಲ. ನಾಯಿಯ ಕಾಲಿಗೆ ಹಚ್ಚಿದ್ದು ಹತ್ತು ನಿಮಿಷದಲ್ಲಿ ನಾಯಿಯ ಹೊಟ್ಟೆ ಸೇರುತ್ತದೆ. ಕಾಫಿಯಲ್ಲಿರುವ ಕೆಫೀನ್ ನಾಯಿಗೆ ವಿಷ. ಸೀಮೆಎಣ್ಣೆ, ಟರ್ಪೆಂಟೈನ್, ಫಿನಾಯಿಲ್, ಹೊಗೆಸೊಪ್ಪು, ಇವೆಲ್ಲಕ್ಕೂ ಇದೇ ಉತ್ತರ.

ಸುಣ್ಣ ತೆರೆದ ಮಾಂಸವನ್ನು ಸುಡುತ್ತದೆ. ಸ್ಪಿರಿಟ್, ನೀರು ಬೆರೆಸದ ಡೆಟಾಲ್ ಕೂಡ ಹಾಗೇ. ರೇಷ್ಮೆ ಸಾಕುವ ಹುಳು ಮನೆ ಇರುವವರು ಇನ್ನೊಂದು ಗಮನಿಸಬೇಕು. ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಯುತ್ತೇವೆ, ನೆಲಕ್ಕೆ ಸುಣ್ಣ ಉದುರಿಸುತ್ತೇವೆ. ಕಾಲಿನ ಗಾಯ ಮಾಯುವ ತನಕ ಆ ನೆಲದ ಮೇಲೆ ನಾಯಿಯನ್ನು ಬಿಡಬೇಡಿ.

ಅರಿಶಿನ ವಿಷವಲ್ಲ, ಒಪ್ಪುತ್ತೇನೆ. ಆದರೆ ಗಟ್ಟಿಯಾಗಿ ಮೆತ್ತಿದರೆ ಕೆಳಗೆ ಕೀವಾಗುತ್ತಿದೆಯೋ ಇಲ್ಲವೋ ಕಾಣುವುದಿಲ್ಲ. ಡಾಕ್ಟರು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ. ಆಗ ನೋವು ತಿನ್ನುವುದು ನಾಯಿ.

ಎಲ್ಲಕ್ಕಿಂತ ದೊಡ್ಡ ತಪ್ಪು ನೋವಿಗೆ ನಮ್ಮ ಮಾತ್ರೆ ಕೊಡುವುದು. ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಯಾವುದೂ ಬೇಡ, ಅರ್ಧವೂ ಬೇಡ. ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ, ಲಿವರ್‌ಗೆ ಪೆಟ್ಟು. ಉಗುರಿಗೆ ಅಂತ ಕೊಟ್ಟದ್ದು ಜೀವಕ್ಕೇ ಬರಬಹುದು. ನಾಯಿಗೆಂದೇ ಬೇರೆ ನೋವಿನ ಔಷಧಿ ಇದೆ, ತೂಕ ನೋಡಿ ಡಾಕ್ಟರೇ ಕೊಡುತ್ತಾರೆ.

ಇಕ್ಕಳ ಯಾಕೆ ಬೇಡ?

ನೇತಾಡುವ ಉಗುರನ್ನು ತೆಗೆಯಲೇಬೇಕು, ನಿಜ. ಬಿಟ್ಟರೆ ಹೆಜ್ಜೆ ಹೆಜ್ಜೆಗೂ ಜಗ್ಗಿ ನೋವು ಕೊಡುತ್ತದೆ. ಆದರೆ ಅದರ ಒಂದು ಕಡೆ ಇನ್ನೂ ಜೀವ ಇರುವ ಮಾಂಸಕ್ಕೆ ಅಂಟಿರುತ್ತದೆ. ಇಕ್ಕಳದಿಂದ ಎಳೆದರೆ ಆ ಮಾಂಸವೂ ಹರಿಯುತ್ತದೆ. ಬುಡ ಹಾಳಾದರೆ ಮುಂದೆ ಬರುವ ಉಗುರು ಸೊಟ್ಟ. ಮೇಲಾಗಿ, ಒಮ್ಮೆ ಹಾಗೆ ನೋವು ತಿಂದ ನಾಯಿ ಮತ್ತೆ ಜನ್ಮದಲ್ಲಿ ಪಾದ ಮುಟ್ಟಲು ಬಿಡುವುದಿಲ್ಲ.

ಡಾಕ್ಟರು ಮಂಪರು ಅಥವಾ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಡಿಲವಾದದ್ದನ್ನು ಬುಡಕ್ಕೆ ಕತ್ತರಿಸಿ, ತೊಳೆದು, ಪಟ್ಟಿ ಕಟ್ಟುತ್ತಾರೆ. ಮಂಪರು ಕೊಡಬೇಕಾಗಬಹುದು, ಹಾಗಾಗಿ ಹೊರಡುವ ಮುಂಚೆ ಹೊಟ್ಟೆ ತುಂಬ ಅನ್ನ ಸಾರು ಕಲಸಿ ಹಾಕಬೇಡಿ. ದಾರಿಯಲ್ಲಿ ಉಗುರು ಅಲುಗದಂತೆ ಬಟ್ಟೆ ಸುತ್ತಿಕೊಂಡು ಹೋಗಿ.

ನಮ್ಮ ಕಡೆ ಜನರ ಬಾಯಲ್ಲಿ ಅದು "ದನದ ಆಸ್ಪತ್ರೆ". ಹೆಸರು ಕೇಳಿ ನಾಯಿಗೆ ಅಲ್ಲೇನು ಕೆಲಸ ಅಂದುಕೊಳ್ಳಬೇಡಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಆಗುತ್ತದೆ. ಹಸು, ಎಮ್ಮೆ ನೋಡಲು ಡಾಕ್ಟರು ಹಳ್ಳಿಗೆ ಹೋಗಿರಬಹುದು, ಫೋನ್ ಮಾಡಿಕೊಂಡು ಹೋಗಿ. ಎಕ್ಸ್‌ರೇ, ದೊಡ್ಡ ಆಪರೇಷನ್ ಬೇಕೆಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಚಿಕ್ಕಬಳ್ಳಾಪುರದಿಂದ ಬಳ್ಳಾರಿ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್.

"ಟಿ.ಟಿ. ಹಾಕಿಸಬೇಕಾ?" ಅಂತ ಎಲ್ಲರೂ ಕೇಳುತ್ತಾರೆ. ಧನುರ್ವಾಯು ನಾಯಿಗೂ ಬರಬಹುದು, ಆದರೆ ಮನುಷ್ಯರಿಗಿಂತ ತೀರ ಅಪರೂಪ. ಬೇಕೋ ಬೇಡವೋ ಡಾಕ್ಟರು ಗಾಯ ನೋಡಿ ಹೇಳುತ್ತಾರೆ. ಈ ಗಲಾಟೆಯಲ್ಲಿ ನಾಯಿ ನಿಮ್ಮನ್ನೇ ಕಚ್ಚಿದರೆ ಅದು ಬೇರೆ ವಿಷಯ. ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಮನೆಗೆ ಬಂದ ಮೇಲೆ

ಇಲ್ಲಿಂದ ಮುಂದೆ ಬೇಕಾದದ್ದು ತಾಳ್ಮೆ. ಅರ್ಧ ಲೀಟರ್ ನೀರು ಕುದಿಸಿ, ಒಂದು ಟೀ ಚಮಚ ಉಪ್ಪು ಹಾಕಿ ಆರಿಸಿ. ಡಾಕ್ಟರು ಕಟ್ಟಿದ ಪಟ್ಟಿ ಬಿಚ್ಚಲು ಹೇಳಿದ ದಿನದಿಂದ, ಪಾದವನ್ನು ದಿನಕ್ಕೆ ಎರಡು ಸಲ ಐದು ನಿಮಿಷ ಅದರಲ್ಲಿ ಅದ್ದಿ. ನೀರಿಗೆ ಪೊವಿಡೋನ್ ಅಯೋಡಿನ್ ಅನ್ನುವ ಗಾಯದ ಔಷಧಿ ಹಾಕುವುದಾದರೆ ತೆಳು ಟೀ ಬಣ್ಣ ಬರುವಷ್ಟು ಸಾಕು. ಆಮೇಲೆ ಬೆರಳ ಸಂದಿಯೆಲ್ಲ ಚೆನ್ನಾಗಿ ಒರೆಸಿ. ತೇವ ಉಳಿದರೆ ಗಾಯ ಮಾಯುವುದಿಲ್ಲ.

ಮಕ್ಕಳ ಹಳೆಯ ಸ್ಕೂಲ್ ಕಾಲುಚೀಲ ಒಳ್ಳೆ ಹೊದಿಕೆ. ಮೇಲ್ಭಾಗವನ್ನು ಪೇಪರ್ ಟೇಪಿನಿಂದ ಸಡಿಲವಾಗಿ ಸುತ್ತಿ, ಎರಡು ಬೆರಳು ಒಳಗೆ ತೂರಬೇಕು. ರಬ್ಬರ್ ಬ್ಯಾಂಡ್ ಮಾತ್ರ ಕನಸಲ್ಲೂ ಬೇಡ. ಕೂದಲೊಳಗೆ ಹುದುಗಿ ರಕ್ತ ಓಡಾಟ ನಿಲ್ಲಿಸುತ್ತದೆ, ಕಾಲೇ ಕೊಳೆಯುತ್ತದೆ. ಕಟ್ಟಿದ ಮೇಲೆ ಬೆರಳು ಊದಿದರೆ, ತಣ್ಣಗಾದರೆ ತಕ್ಷಣ ಬಿಚ್ಚಿ. ಹೊರಗೆ ಕರೆದೊಯ್ಯುವಾಗ ಮೇಲೆ ತೊಳೆದ ಹಾಲಿನ ಕವರ್ ಹಾಕಿ, ಒಳಗೆ ಬಂದ ಕೂಡಲೇ ತೆಗೆಯಿರಿ. ಒಳಗೇ ಬಿಟ್ಟರೆ ಬೆವತು ನಾರುತ್ತದೆ.

ನೆಕ್ಕಲು ಬಿಡಬೇಡಿ. ನಾಯಿಯ ಎಂಜಲಿನಲ್ಲಿ ಔಷಧಿ ಇದೆ ಅನ್ನುವುದನ್ನು ನಂಬಿ ಗಾಯ ಹುಣ್ಣು ಮಾಡಿಕೊಂಡವರು ಬಹಳ. ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೋನ್ ಸಿಗುತ್ತದೆ. ಸಿಗದಿದ್ದರೆ ಗಟ್ಟಿ ರಟ್ಟಿನಿಂದ ಮಾಡಿಕೊಳ್ಳಬಹುದು. ಕರಿಯ ಎರಡು ದಿನ ಅದನ್ನು ಹಾಕಿಕೊಂಡು ಬಾಗಿಲಿಗೆಲ್ಲ ಡಿಕ್ಕಿ ಹೊಡೆದ, ಮೂರನೇ ದಿನ ಒಗ್ಗಿಕೊಂಡ.

ಇನ್ನು ನೊಣ. ರೇಷ್ಮೆ ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣಕ್ಕೆ ಹೆದರಿ ಕಿಟಕಿಗೆಲ್ಲ ಪರದೆ ಹೊಡೆಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆರೆದ ಗಾಯದ ಮೇಲೂ ನೊಣ ಮೊಟ್ಟೆಯಿಟ್ಟರೆ ಒಂದು ದಿನದಲ್ಲಿ ಹುಳ ಆಗುತ್ತದೆ. ಅಂಗಳದಲ್ಲೇ ಮಲಗುವ ನಾಯಿಯನ್ನು ಒಂದು ವಾರ ಒಳಗೆ ಮಲಗಿಸಿ, ಅಥವಾ ಗಾಯ ಸದಾ ಮುಚ್ಚಿರಲಿ. ಕೊಳೆತ ವಾಸನೆ, ಸಣ್ಣ ತೂತು, ಒಳಗೆ ಮಿಸುಕಾಟ ಕಂಡರೆ ನೀವೇ ಟರ್ಪೆಂಟೈನ್ ಸುರಿಯಲು ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ.

ಎರಡು ಮೂರು ದಿನದಲ್ಲಿ ಎಳೆ ಮಾಂಸ ಒಣಗತೊಡಗುತ್ತದೆ. ಒಂದು ವಾರ ಕುಂಟಬಹುದು. ಹೊಸ ಉಗುರು ಪೂರ್ತಿ ಬರಲು ತಿಂಗಳುಗಳೇ ಬೇಕು. ಬಂದದ್ದು ಸ್ವಲ್ಪ ದಪ್ಪ, ಸೊಟ್ಟ ಇದ್ದರೂ ಇರಬಹುದು.

ಬೆರಳು ಊದಿದರೆ, ಕೀವು ಬಂದರೆ, ನಾಯಿ ಊಟ ಬಿಟ್ಟರೆ, ಕುಂಟು ಕಡಿಮೆಯಾಗುವ ಬದಲು ಜಾಸ್ತಿಯಾದರೆ ಕಾಯಬೇಡಿ. ಬುಡದಲ್ಲೇ ಮೂಳೆ ಇರುವುದರಿಂದ ಸೋಂಕು ಅಲ್ಲಿಗೆ ಇಳಿಯಲು ಬಹಳ ದೂರವಿಲ್ಲ.

ಬರೀ ಉಗುರಿನ ಗಾಯವಲ್ಲದೆ ಇದ್ದರೆ?

20 ನಿಮಿಷ ಒತ್ತಿದರೂ ರಕ್ತ ನಿಲ್ಲುತ್ತಿಲ್ಲ ಅಂದರೆ ಒಳಗೆ ಬೇರೇನೋ ಇರಬಹುದು. ಉಣ್ಣೆ ಕಚ್ಚಿ ಬರುವ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುತ್ತದೆ. ಇಲಿ ಪಾಷಾಣ ತಿಂದ ನಾಯಿಗೂ ರಕ್ತ ನಿಲ್ಲದೇ ಹೋಗಬಹುದು. ಮನೆ ಸುತ್ತ ಪಾಷಾಣ ಇಟ್ಟಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಸಾಧ್ಯವಾದರೆ ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ. ಪೆಟ್ಟೇ ಬೀಳದೆ ಒಂದರ ಹಿಂದೆ ಒಂದು ಉಗುರು ಉದುರಿದರೆ ಅದು ದೇಹದ ರೋಗನಿರೋಧಕ ಶಕ್ತಿ ಉಗುರಿನ ಮೇಲೇ ತಿರುಗಿಬೀಳುವ ಕಾಯಿಲೆ ಇರಬಹುದು. ವಯಸ್ಸಾದ ನಾಯಿಯ ಒಂದೇ ಬೆರಳು ಊದಿ, ಉಗುರು ಬಿದ್ದು, ವಾಸಿಯೇ ಆಗದಿದ್ದರೆ ಗೆಡ್ಡೆಯೂ ಇರಬಹುದು.

ಮತ್ತೆ ಸಿಕ್ಕಿಕೊಳ್ಳದಂತೆ

ಗಾರೆ ನೆಲದ ಮೇಲೆ ನಡೆದಾಗ ಟಕ್ ಟಕ್ ಸದ್ದು ಕೇಳಿದರೆ ಉಗುರು ಉದ್ದ ಆಗಿದೆ ಅಂತ ಲೆಕ್ಕ. ತೋಟದಲ್ಲಿ, ಬಂಡೆಯ ಮೇಲೆ ಓಡುವ ನಾಯಿಗೆ ಮಿಕ್ಕ ಉಗುರು ತಾನಾಗೇ ಸವೆಯುತ್ತದೆ. ಹೆಬ್ಬೆರಳನ್ನು ಮಾತ್ರ ಮೂರು ನಾಲ್ಕು ವಾರಕ್ಕೊಮ್ಮೆ ನೋಡಲೇಬೇಕು. ನಮ್ಮ ನೇಲ್ ಕಟರ್ ಉಗುರನ್ನು ಜಜ್ಜುತ್ತದೆ, ನಾಯಿಯದಕ್ಕೇ ಬೇರೆ ಕಟರ್ ಬರುತ್ತದೆ. ಬಿಳಿ ಉಗುರಾದರೆ ಕೆಂಪು ಕಾಣುವ ಜಾಗಕ್ಕಿಂತ ಎರಡು ಮಿಲಿಮೀಟರ್ ಮುಂಚೆಯೇ ನಿಲ್ಲಿಸಿ. ಕರಿಯನ ಥರ ಕಪ್ಪು ಉಗುರಾದರೆ ತೆಳ್ಳಗೆ, ಅಡಿಕೆ ಹೆರೆದಂತೆ ಒಂದೊಂದೇ ಪದರ ತೆಗೆಯುತ್ತಾ ಕತ್ತರಿಸಿದ ಮುಖವನ್ನು ನೋಡಿ. ನಡುವೆ ಒಂದು ಕಪ್ಪು ಚುಕ್ಕೆ ಕಾಣಿಸಿಕೊಂಡರೆ ಅಲ್ಲಿಗೆ ಕೈ ತೆಗೆಯಿರಿ. ಆಚೆಗೆ ಎಳೆ ಮಾಂಸ ಶುರು. ಪಟಿಕದ ಪುಡಿ ಪಕ್ಕದಲ್ಲೇ ಇರಲಿ.

ಚಂದ್ರಿಕೆಗಳನ್ನು ನಾವೀಗ ಅಟ್ಟದ ಮೇಲೆ ಇಡುತ್ತೇವೆ. ಇಲಿಗಳೂ ಅಲ್ಲಿಗೇ ಹೋಗಿವೆ. ಕರಿಯ ಕೆಳಗೆ ನಿಂತು ಬೊಗಳುತ್ತಾನೆ.