ನಿಧಾನಕ್ಕೆ ಓಡಿ ಎಂಟುನೂರರಲ್ಲಿ ಎರಡು ನಿಮಿಷದೊಳಗೆ ಬಂದೆ

ಎಂಟುನೂರು ಮೀಟರಿನಲ್ಲಿ ಮೂರ್ನಾಲ್ಕು ಸೀಸನ್ 2:03ರ ಆಸುಪಾಸಿನಲ್ಲೇ ಒದ್ದಾಡಿದವನು ನಾನು. ಈ ಸಲ 1:59 ಚಿಲ್ಲರೆ. "ಇಷ್ಟೊಂದು ಥ್ರೆಶೋಲ್ಡ್ ಯಾಕೆ, ಮ್ಯಾರಥಾನಿಗೆ ಹೋಗು" ಅಂತ ನಕ್ಕವರೇ ಈಗ ಶೆಡ್ಯೂಲ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಥ್ರೆಶೋಲ್ಡ್ ಅಂದರೆ ಏದುಸಿರು ಬರೋ ಗಡಿ ದಾಟದೆ, ಹಿಡಿತದಲ್ಲಿಟ್ಟುಕೊಂಡು ಓಡೋ ಅಭ್ಯಾಸ.

ಮೊದಲೆಲ್ಲ ವಾರಕ್ಕೆ ಮೂರು ಸಲ ಜೀವ ಬಿಟ್ಟು ಓಡುತ್ತಿದ್ದೆ. 200ರ ರಿಪೀಟ್, 400ರ ರಿಪೀಟ್, ಆಮೇಲೆ ಹುಲ್ಲಿನ ಮೇಲೆ ಬಿದ್ದುಕೊಳ್ಳೋದು. ಬರೀ 400 ಓಡಿದರೆ 53ಕ್ಕೆ ಬರುತ್ತಿದ್ದೆ, ಅಂದರೆ ಸ್ಪೀಡಿಗೇನೂ ಬರ ಇರಲಿಲ್ಲ. ಆದರೆ ರೇಸಿನ ಸ್ಪ್ಲಿಟ್, ಅಂದರೆ ಪ್ರತಿ ಇನ್ನೂರು ಮೀಟರಿಗೆ ಹಿಡಿದ ಸೆಕೆಂಡು, ನೋಡಿ: 26.5, 29.5, 32.5, ಕೊನೆಯ ಇನ್ನೂರು 35. 450ರ ಹತ್ತಿರ ಭುಜ ಕಿವಿಗೆ ಏರುತ್ತಿತ್ತು. 600 ದಾಟಿದರೆ ಮಂಡಿ ಏಳುತ್ತಲೇ ಇರಲಿಲ್ಲ. ಕೀನ್ಯಾದ ರುಡಿಶಾ 2012ರ ಒಲಿಂಪಿಕ್ಸ್‌ನಲ್ಲಿ ವಿಶ್ವದಾಖಲೆಯ 1:40.91 ಓಡಿದಾಗಲೂ ಎರಡನೇ ಲ್ಯಾಪ್ ನಿಧಾನವೇ, ಆದರೆ ಎರಡು ಚಿಲ್ಲರೆ ಸೆಕೆಂಡ್ ಮಾತ್ರ. ನನ್ನದು ಹನ್ನೊಂದೂವರೆ!

ಹೊಸ ಲೆಕ್ಕ ಹೀಗೆ. ವಾರದಲ್ಲಿ ಎರಡು ದಿನ, ಬೆಳಿಗ್ಗೆ ಒಂದು ಸಾವಿರ ಮೀಟರಿನ ರಿಪೀಟ್ ಐದಾರು, ತಲಾ 3:30ರ ಹಾಗೆ, ನಡುವೆ ಒಂದು ನಿಮಿಷ ರೆಸ್ಟ್. ಅದೇ ಸಂಜೆ ಹತ್ತು ಹನ್ನೆರಡು 400, ತಲಾ 80 ಸೆಕೆಂಡಿಗೆ, ಅರ್ಧ ನಿಮಿಷ ರೆಸ್ಟ್. ಇನ್ನೊಂದು ದಿನ ಏರಿನಲ್ಲಿ 200. ರೇಸ್ ಪೇಸಿನ 300 ಹತ್ತು ದಿನಕ್ಕೊಮ್ಮೆ, ಮೂರೇ ಮೂರು. ಮೊದಲ ಎರಡು ತಿಂಗಳು ಏನೂ ಆಗಲಿಲ್ಲ. ಒಂದು ಟ್ರಯಲ್ಲಿನಲ್ಲಂತೂ 2:05. ನಗುವವರು ಚೆನ್ನಾಗಿ ನಕ್ಕರು.

ದುಡ್ಡು ಹೋಗಿದ್ದು ಲ್ಯಾಕ್ಟೇಟ್ ಮೀಟರಿಗೆ. ಜೋರಾಗಿ ಓಡಿದಷ್ಟೂ ರಕ್ತದಲ್ಲಿ ಏರೋ ಲ್ಯಾಕ್ಟೇಟನ್ನು ಅಳೆಯೋ ಯಂತ್ರ ಅದು. ಮೀಟರ್ ಒಂದು ಸಲದ ಖರ್ಚು, ನಿಜವಾಗಿ ಜೇಬು ನುಂಗೋದು ಸ್ಟ್ರಿಪ್‌ಗಳು. ಬೆರಳು ತೊಳೆದು, ಒರೆಸಿ, ಚುಚ್ಚಿ, ಮೊದಲ ಹನಿ ಒರೆಸಿ ಹಾಕಿ, ಎರಡನೇ ಹನಿ ಸ್ಟ್ರಿಪ್ಪಿಗೆ ಮುಟ್ಟಿಸಬೇಕು. ಬೆವರು ಸ್ವಲ್ಪ ಸೇರಿದರೂ ರೀಡಿಂಗ್ ಸುಮ್ನೆ ಏರಿಬಿಡುತ್ತದೆ. ಒಂದು ನಿಮಿಷದ ರೆಸ್ಟಿನಲ್ಲಿ ಒಬ್ಬನೇ ಇಷ್ಟು ಮಾಡೋದು ಸರ್ಕಸ್ಸೇ. ಒಂದು ಡಬ್ಬಿಯಲ್ಲಿ ಅರ್ಧದಷ್ಟು ಸ್ಟ್ರಿಪ್ ಹೀಗೇ ಹಾಳಾದವು. ರೀಡಿಂಗ್ ಮೂರು ಮಿಲಿಮೋಲಿನ ಒಳಗಿದ್ದಾಗ ಉಸಿರು ಹೇಗಿರುತ್ತದೆ ಅಂತ ಗೊತ್ತಾದ ಮೇಲೆ ಸ್ಟ್ರಿಪ್ ತರೋದೇ ನಿಲ್ಲಿಸಿದೆ. ರಿಪೀಟ್ ಮುಗಿದ ಕೂಡಲೇ ಒಂದು ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಬರದಿದ್ದರೆ ಪೇಸ್ ಜಾಸ್ತಿ, ಅಷ್ಟೇ.

ನಡುವೆ ರೇಸಿಗೆ ಮುಂಚೆ ಅಡುಗೆ ಸೋಡಾ ಕುಡಿಯೋ ಪ್ರಯೋಗವೂ ಆಯಿತು. ಮೈತೂಕದ ಕೆಜಿಗೆ 0.3 ಗ್ರಾಂ ಲೆಕ್ಕದಲ್ಲಿ, ನೀರಿಗೆ ಬೆರೆಸಿ. ವಾರ್ಮಪ್ ಪೂರ್ತಿ ಟಾಯ್ಲೆಟ್ಟಿನಲ್ಲೇ ಕಳೆಯಿತು. ಕೆಲವರಿಗೆ ಆಗಿಬರುತ್ತದಂತೆ, ನನಗಂತೂ ಬೇಡ. ಕಾರ್ಬನ್ ಪ್ಲೇಟಿನ ಸ್ಪೈಕ್ಸ್ ಸಾಲ ಪಡೆದು ಹಾಕಿ ನೋಡಿದೆ. ಮೀನಖಂಡ ಎರಡು ದಿನ ಕಲ್ಲಾಗಿತ್ತು. ಹಳೆಯ ಸ್ಪೈಕ್ಸೇ ಸಾಕೆನಿಸಿತು.

ದುಡ್ಡು ಖರ್ಚಿಲ್ಲದ ಲಾಭ ಒಂದಿದೆ. ಎರಡನೇ ಲೇನಿನಲ್ಲೇ ಒಂದು ಲ್ಯಾಪ್ ಓಡಿದರೆ ಏಳು ಮೀಟರ್ ಜಾಸ್ತಿ, ಅಂದರೆ ಒಂದು ಸೆಕೆಂಡು ಗೋವಿಂದ. ಬ್ರೇಕ್ ಲೈನ್, ಅಂದರೆ ಮೊದಲ ಬೆಂಡ್ ಮುಗಿದ ಮೇಲೆ ತಂತಮ್ಮ ಲೇನ್ ಬಿಡಬಹುದಾದ ಗೆರೆ, ದಾಟಿದ ತಕ್ಷಣ ಒಳಗೆ ನುಗ್ಗಬೇಡಿ. ಮುಂದಿನ ಬೆಂಡ್ ಶುರುವಾಗೋ ಜಾಗ ನೋಡಿಕೊಂಡು ಓರೆಯಾಗಿ ಸಾಗಿ.

1:59 ಬಂದ ರೇಸಿನ ಸ್ಪ್ಲಿಟ್ ಸುಮಾರು 28, 30, 30.5, 31. ಮೊದಲ ಲ್ಯಾಪಿನಲ್ಲಿ ಕೊನೆಯವನು ನಾನೇ. ಕೊನೆಯ ಬೆಂಡಿನಲ್ಲಿ ನಾಲ್ವರನ್ನು ದಾಟಿದೆ. ರೇಸಿಗೆ ಮುಂಚಿನ ಹತ್ತು ದಿನ ಏನು ಮಾಡಿದೆ ಅನ್ನೋದನ್ನು ಮಾತ್ರ ಈಗ ಹೇಳಲ್ಲ. ನಕ್ಕವರಲ್ಲಿ ಇಬ್ಬರು ಮುಂದಿನ ಸೀಸನ್ ನನ್ನ ಹೀಟಿನಲ್ಲೇ ಬರಬಹುದು.