ನ್ಯುಮೊಕಾಕಲ್ ಲಸಿಕೆ ಫಲಿಸಿದೆಯೇ? ರಕ್ತದಲ್ಲಿ ಅಳೆಯುವ ಬಗೆ

ಸರ್ಕಾರಿ ಕಾರ್ಯಕ್ರಮದಲ್ಲಿ ಆರನೇ ವಾರ, ಹದಿನಾಲ್ಕನೇ ವಾರ ಮತ್ತು ಒಂಬತ್ತನೇ ತಿಂಗಳಿಗೆ ನ್ಯುಮೊಕಾಕಲ್ ಲಸಿಕೆ (ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ) ಹಾಕಿಸಿಕೊಂಡ ಆರೋಗ್ಯವಂತ ಮಗುವಿಗೆ ಈ ಪರೀಕ್ಷೆಯ ಅಗತ್ಯವಿಲ್ಲ. ಪದೇ ಪದೇ ನ್ಯುಮೋನಿಯಾ, ಕಿವಿ ಸೋರುವಿಕೆ, ಸೈನಸ್ ಸೋಂಕು ಎಂದು ಮಂಡ್ಯದಿಂದ ಮೈಸೂರಿನ ಆಸ್ಪತ್ರೆಗಳಿಗೆ ಅಲೆಯುವವರಿದ್ದಾರಲ್ಲ, ಅವರ ದೇಹ ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ಸರಿಯಾಗಿ ತಯಾರಿಸುತ್ತಿದೆಯೇ ಎಂದು ತಿಳಿಯಲು ವೈದ್ಯರು ಇದನ್ನು ಬರೆಯುತ್ತಾರೆ.

ಮೊದಲ ಕೆಲಸ, ಲಸಿಕೆಗೆ ಮುನ್ನ ರಕ್ತ ಕೊಡುವುದು. ದಯವಿಟ್ಟು ಇದನ್ನು ತಪ್ಪಿಸಬೇಡಿ. ಲಸಿಕೆ ಚುಚ್ಚಿದ ಮೇಲೆ ಪ್ರತಿಕಾಯಗಳ ಆ ಮೊದಲಿನ ಮಟ್ಟ ಮತ್ತೆ ಸಿಗುವುದಿಲ್ಲ. ಹೋಲಿಸಲು ಏನೂ ಉಳಿಯುವುದಿಲ್ಲ. ಇಮ್ಯುನೊಗ್ಲಾಬ್ಯುಲಿನ್ ಚಿಕಿತ್ಸೆ (ರಕ್ತದಾನಿಗಳಿಂದ ಪಡೆದ ಪ್ರತಿಕಾಯಗಳನ್ನು ಕೊಡುವುದು) ನಡೆಯುತ್ತಿದ್ದರೆ ಈಗಲೇ ಹೇಳಿ. ಇಲ್ಲದಿದ್ದರೆ ದಾನಿಗಳ ಪ್ರತಿಕಾಯಗಳೂ ರೋಗಿಯ ಲೆಕ್ಕಕ್ಕೆ ಸೇರುತ್ತವೆ.

ನಂತರ ಸಾಮಾನ್ಯವಾಗಿ ಈ ಬ್ಯಾಕ್ಟೀರಿಯಾದ 23 ಸೀರೋಟೈಪುಗಳ (ಕವಚದ ಸಕ್ಕರೆಯಿಂದ ಗುರುತಿಸುವ ಬಗೆಗಳ) ವಿರುದ್ಧದ ಪಾಲಿಸ್ಯಾಕರೈಡ್ ಲಸಿಕೆ ಕೊಡುತ್ತಾರೆ. ಇದರಲ್ಲಿರುವುದು ಬ್ಯಾಕ್ಟೀರಿಯಾದ ಸಕ್ಕರೆ ಕವಚ ಮಾತ್ರ. ಎರಡು ವರ್ಷದೊಳಗಿನ ಮಕ್ಕಳ ದೇಹ ಇಂಥ ಬರಿಯ ಸಕ್ಕರೆಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಹಾಗಾಗಿ ಅವರಿಗೆ ಈ ವಿಧಾನ ಸಲ್ಲದು. ಹಸುಗೂಸುಗಳಿಗೆ ಕೊಡುವ ಲಸಿಕೆಯಲ್ಲಿ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿರುತ್ತಾರೆ.

ನಾಲ್ಕರಿಂದ ಎಂಟು ವಾರಗಳ ಬಳಿಕ ಎರಡನೇ ರಕ್ತ. ಎರಡೂ ಮಾದರಿಗಳನ್ನು ಒಂದೇ ಪ್ರಯೋಗಾಲಯದಲ್ಲಿ, ಸಾಧ್ಯವಾದರೆ ಒಟ್ಟಿಗೇ ಪರೀಕ್ಷಿಸಬೇಕು. ಮೊದಲನೆಯದರ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೇರ್ಪಡಿಸಿ ಶೈತ್ಯದಲ್ಲಿ ಕಾಯ್ದಿಡುತ್ತಾರೆಯೇ ಎಂದು ಮುಂಚೆಯೇ ಕೇಳಿಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ರಕ್ತದ ಟ್ಯೂಬನ್ನು ಕೈಚೀಲದಲ್ಲಿಟ್ಟು ಬಸ್ ಹತ್ತುವುದು ಬೇಡ.

ಪ್ರಯೋಗಾಲಯದಲ್ಲಿ ನಡೆಯುವುದು ಎಲೈಸಾ, ಅಂದರೆ ಪ್ರತಿಕಾಯದ ಪ್ರಮಾಣವನ್ನು ಬಣ್ಣದ ಮೂಲಕ ಅಳೆಯುವ ಪರೀಕ್ಷೆ. ತಟ್ಟೆಯ ಒಂದೊಂದು ಕುಳಿಗೆ ಒಂದೊಂದು ಸೀರೋಟೈಪಿನ ಕವಚದ ಸಕ್ಕರೆಯನ್ನು ಲೇಪಿಸಿರುತ್ತಾರೆ. ಸೀರಮ್ ಹಾಕುವ ಮುನ್ನ ಅದಕ್ಕೆ ಸಿ-ಪಾಲಿಸ್ಯಾಕರೈಡ್ (ಈ ಬ್ಯಾಕ್ಟೀರಿಯಾದ ಕೋಶಭಿತ್ತಿಯ ಸಕ್ಕರೆ) ಮತ್ತು 22ಎಫ್ ಎಂಬ ಸೀರೋಟೈಪಿನ ಸಕ್ಕರೆಯನ್ನು ಬೆರೆಸುವುದು ನಿರ್ಣಾಯಕ ಹಂತ. ಎಲ್ಲೆಂದರಲ್ಲಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಅವು ಮೊದಲೇ ಹಿಡಿದಿಡುತ್ತವೆ. ಈ ಹಂತ ಬಿಟ್ಟರೆ ಇಲ್ಲದ ರಕ್ಷಣೆ ವರದಿಯಲ್ಲಿ ಕಾಣಿಸುತ್ತದೆ. ಉಳಿದ ಪ್ರತಿಕಾಯ ಎಷ್ಟೆಂದು ಬಣ್ಣದ ಗಾಢತೆ ಹೇಳುತ್ತದೆ. ಅದನ್ನು ಪ್ರಮಾಣಿತ ಸೀರಮ್‌ನೊಂದಿಗೆ ಹೋಲಿಸುತ್ತಾರೆ.

ವರದಿಯಲ್ಲಿ ಪ್ರತಿ ಸೀರೋಟೈಪಿಗೂ ಬೇರೆ ಅಂಕಿ ಇರಬೇಕು. ಒಟ್ಟು ಮೊತ್ತವಷ್ಟೇ ಇದ್ದರೆ ನನಗೆ ಅದು ಅರೆಬರೆ ವರದಿ: ಒಂದೆರಡರ ಏರಿಕೆಯಲ್ಲಿ ಉಳಿದವುಗಳ ಕೊರತೆ ಮರೆಯಾಗುತ್ತದೆ. ಪ್ರತಿಕಾಯ ಮಿಲಿಲೀಟರಿಗೆ 1.3 ಮೈಕ್ರೋಗ್ರಾಂ ಅಥವಾ ಹೆಚ್ಚು ಎಂಬುದು ಬಳಕೆಯಲ್ಲಿರುವ ಗೆರೆ. ಆರು ವರ್ಷ ಮೇಲ್ಪಟ್ಟವರಲ್ಲಿ ಶೇ 70ರಷ್ಟು, ಅದಕ್ಕಿಂತ ಚಿಕ್ಕವರಲ್ಲಿ ಅರ್ಧದಷ್ಟು ಸೀರೋಟೈಪುಗಳು ಅದನ್ನು ದಾಟಬೇಕು. ಮೊದಲಿಗಿಂತ ಎರಡು ಪಟ್ಟು ಏರಿಕೆಯನ್ನೂ ನೋಡುತ್ತಾರೆ. ಆರಂಭದಲ್ಲೇ ಹೆಚ್ಚಿದ್ದರೆ ಏರಿಕೆ ಕಡಿಮೆಯಿರುವುದು ಸಹಜ. ಕೆಲವೆಡೆ ಕಾಣುವ 0.35 ಎಂಬ ಅಂಕಿ ಶಿಶುಗಳ ಲಸಿಕೆಗಳನ್ನು ಪರಸ್ಪರ ಹೋಲಿಸಲು ಬಂದದ್ದು. ಅದನ್ನು ಇಲ್ಲಿಗೆ ಎಳೆಯಬಾರದು.

ಪ್ರತಿಕಾಯ ಇದೆಯೆಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎಂದಲ್ಲ. ಅದಕ್ಕಾಗಿ ಜೀವಂತ ಬ್ಯಾಕ್ಟೀರಿಯಾವನ್ನು ಭಕ್ಷಕ ಕೋಶಗಳ ಜೊತೆ ಬಿಟ್ಟು, ಸೀರಮ್ ಅನ್ನು ಎಷ್ಟರ ಮಟ್ಟಿಗೆ ತೆಳುವಾಗಿಸುವವರೆಗೆ ಅರ್ಧದಷ್ಟು ಬ್ಯಾಕ್ಟೀರಿಯಾಗಳು ಸಾಯುತ್ತವೆ ಎಂದು ನೋಡುವ ಪರೀಕ್ಷೆ ಇದೆ. ಅದು ವಿಶೇಷ ಪ್ರಯೋಗಾಲಯಗಳ ಕೆಲಸ.

ವರದಿಯೊಂದಿಗೆ ಹಳೆಯ ಲಸಿಕೆ ಕಾರ್ಡನ್ನೂ ವೈದ್ಯರಿಗೆ ತೋರಿಸಿ. ಬಾಲ್ಯದಲ್ಲಿ ಪ್ರೋಟೀನ್ ಜೋಡಿತ ಲಸಿಕೆ ಪಡೆದಿದ್ದರೆ, ಅದರಲ್ಲಿ ಇಲ್ಲದೆ 23ರ ಪಟ್ಟಿಯಲ್ಲಿ ಮಾತ್ರ ಇರುವ ಸೀರೋಟೈಪುಗಳ ಅಂಕಿಗಳನ್ನೇ ಅವರು ಮುಖ್ಯವಾಗಿ ನೋಡಬೇಕಾಗುತ್ತದೆ.